ಕಾಯಿಕೋಣೆಯಲ್ಲೊಂದು ಸದ್ದಿಲ್ಲದ ಕಂಪ್ಯೂಟರ್

ನನಗೊಂದು ಕೆಟ್ಟ ಗುಣವಿದೆ. “ಅದು ಆಗೋದಲ್ಲ ಬುಡು” ಎಂದು ಯಾರಾದರೂ ಅಂದರೆ ಸಾಕು, ಅಲ್ಲಿಯವರೆಗೆ ನನಗೆ ಬೇಡವೇ ಬೇಡವಾಗಿದ್ದ ವಸ್ತು ಆ ಕ್ಷಣದಿಂದ ಬೇಕೇ ಬೇಕಾಗಿಬಿಡುತ್ತದೆ. ನಮ್ಮ ಹಿತ್ತಲಲ್ಲಿ ಸೇಬು ಬರುವುದಿಲ್ಲ ಎಂದು ಒಬ್ಬರು ಹೇಳಿದ್ದರು. ಏಳು ವರ್ಷದಿಂದ ಒಂದು ಸೇಬಿನ ಗಿಡಕ್ಕೆ ನೀರು ಹಾಕುತ್ತಿದ್ದೇನೆ. ಸೇಬು ಬಂದಿಲ್ಲ, ಒಪ್ಪುತ್ತೇನೆ. ಆದರೆ ಎಲೆಗಳು ಬಹಳ ಚೆನ್ನಾಗಿ ಬರುತ್ತಿವೆ. ಈ ಗುಣಕ್ಕೆ ನಾನು ಛಲ ಎಂದು ಹೆಸರಿಟ್ಟುಕೊಂಡಿದ್ದೇನೆ. ನಮ್ಮ ಯಜಮಾನರು ಅದಕ್ಕೆ ಬೇರೆ ಹೆಸರಿಟ್ಟಿದ್ದಾರೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಹುಟ್ಟಿದ್ದು ಹಂದನಕೆರೆ ಕಡೆ, ಬಂದು ಸೇರಿದ್ದು ನೊಣವಿನಕೆರೆ ಪಕ್ಕದ ಹಳ್ಳಿಗೆ. ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಯಜಮಾನರು ತಿಪಟೂರಿನಲ್ಲಿ ತೋಟದ ಪೈಪುಗಳ ಅಂಗಡಿ ಇಟ್ಟಿದ್ದಾರೆ. ತೋಟ, ಮನೆ, ಮತ್ತು ನಮ್ಮಿಬ್ಬರನ್ನು ನೋಡಿಕೊಳ್ಳುವವರು ಅತ್ತೆ ಸರ್ವಮಂಗಳಮ್ಮನವರು. ನಮ್ಮ ಮನೆಯ ಹಿಂಭಾಗದಲ್ಲಿ ಕಾಯಿಕೋಣೆ ಎಂಬ ಉದ್ದನೆಯ ಕೋಣೆಯಿದೆ. ಕೀಳಿಸಿದ ತೆಂಗಿನಕಾಯಿ ಮೊದಲು ಅಲ್ಲಿಗೆ ಬಂದು, ಆಮೇಲೆ ಅದರ ಮೇಲಿನ ಅಟ್ಟಕ್ಕೆ ಏರುತ್ತದೆ. ಅಟ್ಟದ ಮೇಲೆ ಕಾಯಿ ಮಟ್ಟೆಯ ಸಮೇತ ಸುಮ್ಮನೆ ಹತ್ತು ಹನ್ನೊಂದು ತಿಂಗಳು ಮಲಗಿರುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಉಂಡೆ ಆಯಿತೋ ಇಲ್ಲವೋ ಎಂದು ತಿಳಿಯುವುದಕ್ಕೆ ಇಂದಿಗೂ ಇರುವುದು ಒಂದೇ ದಾರಿ: ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ನೀರಿದ್ದರೆ ಒಂದು ಸದ್ದು, ಇಂಗುತ್ತಿದ್ದರೆ ಒಂದು, ಉಂಡೆ ಬಿಟ್ಟಿದ್ದರೆ ಲೊಟಲೊಟ ಎಂಬ ಇನ್ನೊಂದು. ಈ ಮೂರರ ನಡುವೆ ಅತ್ತೆಗೆ ಇನ್ನೂ ಇಪ್ಪತ್ತು ಸದ್ದು ಕೇಳಿಸುತ್ತವೆ. “ಇದು ಶಿವರಾತ್ರಿಗೆ, ಇದು ಯುಗಾದಿ ಕಳೆದು ಎಂಟು ದಿನಕ್ಕೆ” ಎಂದು ಕಾಯಿಯ ಜಾತಕ ಹೇಳುತ್ತಾರೆ. ಸುತ್ತಲ ಹಳ್ಳಿಯಲ್ಲಿ ಅವರ ಕಿವಿಗೆ ಎದುರಿಲ್ಲ.

ಇಂಥ ಮನೆಗೆ ನಾನು ಪ್ರೊಜೆಕ್ಟರ್ ತಂದೆ. ಕಾರಣ ನಮ್ಮ ತಾತ. ಚಿಕ್ಕವಳಿದ್ದಾಗ ತಾತನ ಜೊತೆ ಟೆಂಟ್ ಸಿನಿಮಾಕ್ಕೆ ಹೋದರೆ, ಹಿಂದೆ ಓಡುವ ಜನರೇಟರಿನ ಸದ್ದಿಗೆ ತೆರೆಯ ಮೇಲಿನವರು ಬಾಯಿ ಆಡಿಸುವುದಷ್ಟೇ ಕಾಣುತ್ತಿತ್ತು. ಮನೆಗೆ ನಡೆದು ಬರುವಾಗ ತಾತ ಎಲ್ಲರ ಮಾತನ್ನೂ ತಾವೇ ಕಟ್ಟಿ ಹೇಳುತ್ತಿದ್ದರು. ನಾನು ಕನ್ನಡ ಕಲಿತದ್ದೇ ಆ ದಾರಿಯಲ್ಲಿ. ಎಷ್ಟೋ ವರ್ಷದ ಮೇಲೆ ಅವೇ ಸಿನಿಮಾಗಳನ್ನು ಟೀವಿಯಲ್ಲಿ ನೋಡಿದೆ. ಒಂದರಲ್ಲೂ ತಾತ ಹೇಳಿದ ಮಾತಿರಲಿಲ್ಲ. ಅರ್ಧದಷ್ಟು ಸಿನಿಮಾಗಳಲ್ಲಿ ಕತೆಯೂ ಬೇರೆಯೇ ಇತ್ತು. ಆವತ್ತಿನಿಂದ, ಗೋಡೆಯಗಲದ ಸಿನಿಮಾವನ್ನು ಒಂದೇ ಒಂದು ಅಕ್ಷರ ಬಿಡದಂತೆ ಕೇಳಬೇಕೆಂಬ ಆಸೆ ನನ್ನೊಳಗೆ ಕೂತಿತ್ತು. ವರ್ಷದಲ್ಲಿ ಮುಕ್ಕಾಲು ಪಾಲು ಖಾಲಿ ಇರುವ ಕಾಯಿಕೋಣೆಯ ಗೋಡೆಗೆ ಬಿಳಿ ಬಣ್ಣ ಬಳಿದು, ಕಿಟಕಿಗಳಿಗೆ ದಪ್ಪ ಕಂಬಳಿ ಕಟ್ಟಿ ಕತ್ತಲು ಮಾಡಿ, ಯಜಮಾನರ ಅಂಗಡಿಯ ಹಳೆಯ ಕಂಪ್ಯೂಟರನ್ನು ಪ್ರೊಜೆಕ್ಟರಿಗೆ ಜೋಡಿಸಿ, ಒಂದು ಭಾನುವಾರ ಮಧ್ಯಾಹ್ನ ಗುಂಡಿ ಒತ್ತಿದೆ. ಗುಂಯ್ ಎಂದಿತು.

ಮೇಲಿನ ಅಟ್ಟದಿಂದ ಅತ್ತೆಯ ದನಿ ಬಂತು. “ಏನೇ ಅದು, ಕೆಳಗೆ ರಾಗಿ ಬೀಸುಸ್ತಿದೀಯಾ?”

“ಇಲ್ಲ ಅತ್ತೆ, ಕಂಪ್ಯೂಟರಿನ ಫ್ಯಾನು.”

“ಅದುಕ್ಕೇನು, ಸೆಕೆನಾ?”

“ಹೂಂ ಅತ್ತೆ, ಕೆಲಸ ಮಾಡ್ತಾ ಮಾಡ್ತಾ ಬಿಸಿಯಾಗುತ್ತೆ.”

“ಕೆಲ್ಸ ಮಾಡಿದ್ರೆ ನಂಗೂ ಬಿಸಿ ಆಯ್ತದೆ. ನಾನು ಗುಂಯ್ ಅಂತೀನಾ?”

ಅತ್ತೆ ಕಾಯಿ ಕೇಳುವುದು ಮಧ್ಯಾಹ್ನ ಊಟವಾದ ಮೇಲೆ. ನನಗೆ ಬಿಡುವಿರುವುದೂ ಭಾನುವಾರದ ಅದೇ ಹೊತ್ತಿಗೆ. ಸಿನಿಮಾದ ಮಾತು, ಹಾಡುಗಳಿಂದಲೂ ತೊಂದರೆಯೇ ಅಲ್ಲವೇ ಎಂದು ಕೇಳಿದ್ದಕ್ಕೆ ಅತ್ತೆ ಹೇಳಿದರು: “ಮಾತಾಡೋರು ಉಸಿರು ತಗೊಳ್ಳೋಕಾದ್ರೂ ನಿಲ್ಲುಸ್ತಾರೆ ಕಣೇ. ಆ ಸಂದೀಲಿ ನಾನು ಎರಡು ಕಾಯಿ ಅಲ್ಲಾಡುಸ್ಕೋತೀನಿ. ಈ ಗುಂಯ್ಗೆ ಉಸಿರೇ ಇಲ್ವಲ್ಲ!” ಕಡೆಗೆ ತೀರ್ಮಾನವನ್ನೂ ಕೊಟ್ಟರು. ಮುಂದಿನ ಸಲ ಕಾಯಿ ಕೀಳಿಸುವ ಹೊತ್ತಿಗೆ ಸದ್ದು ಪೂರ್ತಿ ಅಡಗಿರಬೇಕು. ಅಡಗಿದರೆ ಕೋಣೆ ನನ್ನದು, ಕಾಯಿಗೆ ಹೊರಗೆ ಚಪ್ಪರ ಹಾಕಿಸುತ್ತಾರೆ. ಅಡಗದಿದ್ದರೆ ಬಿಳಿ ಗೋಡೆಯವರೆಗೂ ಕಾಯಿ ತುಂಬಿಸಿ ಬೀಗ. “ಸದ್ದಿಲ್ದಿರೋ ಮಿಷನ್ನು ಎಲ್ಲೈತೆ? ಅದು ಆಗೋದಲ್ಲ ಬುಡು” ಎಂದು ಒಂದು ಮಾತನ್ನೂ ಸೇರಿಸಿದರು. ಪಾಪ, ಅವರಿಗೆ ನನ್ನ ಗುಣ ಇಷ್ಟು ವರ್ಷವಾದರೂ ತಿಳಿದಿಲ್ಲ.

ಮರುದಿನವೇ ಶಾಲೆ ಮುಗಿಸಿ ಬಸ್ಸು ಹತ್ತಿ ತಿಪಟೂರಿಗೆ ಹೋದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪರಮೇಶಿ ಎಂಬ ಒಳ್ಳೆಯ ಮನುಷ್ಯನಿದ್ದಾನೆ. ನನ್ನ ಬೇಡಿಕೆ ಕೇಳಿ ಅವನಿಗೆ ಬೇಸರವೇ ಆಯಿತು. “ಸದ್ದೇ ಬ್ಯಾಡ್ವಾ ಮೇಡಂ? ಸದ್ದಿಲ್ದಿದ್ರೆ ಮಿಷನ್ನು ಓಡ್ತಾ ಐತೆ ಅಂತ ನಂಬೋದೆಂಗೆ? ಇಲ್ಲಿಗೆ ಬರೋರೆಲ್ಲ ಬಣ್ಣಬಣ್ಣದ ಲೈಟಿರೋ ಫ್ಯಾನು ಕೇಳ್ತಾರೆ, ಬೇಕಾದ್ರೆ ಇನ್ನೊಂದೆರಡು ಹಾಕ್ಕೊಡ್ತೀನಿ.” ಬೇಡಪ್ಪ ಎಂದೆ. ಹಟ ಹಿಡಿದು ಕೂತು ಕಡಿಮೆ ಬಿಸಿಯಾಗುವ ಪ್ರೊಸೆಸರ್ ತರಿಸಿದೆ. ಗಿರಗಿರ ತಿರುಗುವ ಹಾರ್ಡ್ ಡಿಸ್ಕಿನ ಬದಲು ತಿರುಗದಿರುವ, ಮೆಮೊರಿ ಚಿಪ್ಪಿನದನ್ನು ಹಾಕಿಸಿದೆ. ಕರೆಂಟು ಕೊಡುವ ಡಬ್ಬಕ್ಕೂ ಫ್ಯಾನಿರುತ್ತದೆಂದು ತಿಳಿದು, ಅದನ್ನೂ ತೆಗೆಸಿ ಲ್ಯಾಪ್‌ಟಾಪಿಗಿರುವಂಥ ಅಡಾಪ್ಟರ್ ಕೂರಿಸಿದೆ. ಉಳಿದದ್ದು ಒಂದೇ ಒಂದು ಫ್ಯಾನು, ನಿಧಾನವಾಗಿ ತಿರುಗುವಂಥದ್ದು.

ಮನೆಗೆ ತಂದು ಹಾಕಿದೆ. ಗುಂಯ್ ಕಡಿಮೆಯಾಗಿತ್ತು. “ಈಗ ರಾಗಿ ಅಲ್ಲ, ಹಿಟ್ಟು ಜರಡಿ ಹಿಡೀತಿದೀಯಾ” ಎಂದರು ಅತ್ತೆ.

ಆಗ ಬಂತು ನೋಡಿ ನನ್ನ ದೊಡ್ಡ ಉಪಾಯ. ಸದ್ದು ನುಂಗುವುದಕ್ಕೆ ದೂರದ ಊರಿನವರು ಏನೇನೋ ಸ್ಪಂಜು ತರಿಸುತ್ತಾರಂತೆ. ನಮಗೇನು ಗ್ರಹಚಾರ? ಹೆಜ್ಜೆ ಎತ್ತಿಟ್ಟಲ್ಲಿ ತೆಂಗಿನ ನಾರಿದೆ. ಬಡಗಿಯ ಹತ್ತಿರ ಹಲಗೆಯ ಪೆಟ್ಟಿಗೆ ಮಾಡಿಸಿ, ಒಳಗೆ ನಾಲ್ಕು ಬೆರಳು ದಪ್ಪಕ್ಕೆ ನಾರು ಒತ್ತಿ, ಗೂಡಿನಲ್ಲಿ ಮೊಟ್ಟೆ ಇಡುವಷ್ಟು ನಾಜೂಕಿನಿಂದ ಕಂಪ್ಯೂಟರನ್ನು ಇಟ್ಟು, ಮೇಲೂ ನಾರು ಹೊದಿಸಿ ಮುಚ್ಚಳ ಹಾಕಿದೆ. ಸದ್ದು ಮಾಯವಾದಂತಾಯಿತು. ಯಜಮಾನರನ್ನು ಕರೆದು ಕೂರಿಸಿ ಸಿನಿಮಾ ಹಾಕಿದೆ. ನಾಯಕಿ ಬಾಗಿಲು ತೆರೆದು, ಇಪ್ಪತ್ತು ವರ್ಷ ಮುಚ್ಚಿಟ್ಟಿದ್ದ ಗುಟ್ಟನ್ನು ಹೇಳಲು ಬಾಯಿ ತೆರೆದಳು. ಗೋಡೆ ಕಪ್ಪಾಯಿತು. ಯಜಮಾನರು ಮೂಗು ಮೇಲೆತ್ತಿ, “ಯಾರೋ ಕೊಬ್ಬರಿ ಹುರೀತಾವ್ರೆ ಕಣೇ, ಚಟ್ನಿಪುಡಿಗೆ” ಎಂದರು.

ಮುಚ್ಚಳ ತೆಗೆದರೆ ಒಳಗಿನಿಂದ ಒಲೆಯಂಥ ಝಳ. ಅಟ್ಟದಿಂದ ಇಳಿದು ಬಂದ ಅತ್ತೆ ಪೆಟ್ಟಿಗೆಗೆ ಕೈ ಹಾಕಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ಏನೇ ಮೇಷ್ಟ್ರಮ್ಮ, ಕಾಯಿ ಹಾಕೋ ಅಟ್ಟುಕ್ಕೆ ಹಲಗೆ ಒತ್ತೊತ್ತಿಗೆ ಹೊಡೀತೀವಾ? ದಬ್ಬೆ ಬಿಟ್ಟುಬಿಟ್ಟು ಹಾಕ್ತೀವಿ. ಕೆಳಗ್ಲಿಂದ ಗಾಳಿ ಬರಬೇಕು, ಕಾಯಿ ಸಂದೀಲಿ ಹಾದು ಹೆಂಚಿನ ಸಂದೀಲಿ ಹೋಗಬೇಕು. ಬಿಸಿ ಯಾವತ್ತೂ ಮ್ಯಾಕ್ಕೇ ಹೋಗೋದು. ಕಾಯಿಗೆ ಹೊದಿಕೆ ಹೊದ್ಸಿ ಮನಗುಸಿದ್ರೆ ಕೊಳೀತದೆ, ಇಲ್ಲ ಬೇಯ್ತದೆ” ಎಂದರು. ನಾನು ಪ್ರತಿ ವರ್ಷ ಉಷ್ಣ ಸಂವಹನದ ಪಾಠ ಮಾಡುತ್ತೇನೆ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತೇನೆ. ಅದನ್ನು ಬರೆಯದ ಮಕ್ಕಳಿಗೆ ಅಂಕ ಕಳೆಯುತ್ತೇನೆ. ಆ ದಿನ ನನ್ನ ಅಂಕಗಳನ್ನೆಲ್ಲ ಮನಸ್ಸಿನಲ್ಲೇ ಕಳೆದುಕೊಂಡೆ.

ಯಜಮಾನರು ಸಮಾಧಾನ ಹೇಳಿದರು. “ಬುಟ್ಟಾಕೇ ಅತ್ಲಾಗೆ. ಕೋಣೆ ಅವ್ವನಿಗೇ ಕೊಟ್ಬುಡು, ಮೊಬೈಲಲ್ಲಿ ನೋಡ್ಕೊಳ್ಳಾನ.” ಅಂಗೈಯಗಲದ ಸಿನಿಮಾ! ಆ ಮಾತಿಗೇ ನನಗೆ ಹೊಸ ಹುರುಪು ಬಂತು. ಅಡಿಕೆ ಮರವನ್ನು ದಬ್ಬೆಯಾಗಿ ಸೀಳಿ, ಬೆರಳು ಬೆರಳು ಸಂದು ಬಿಟ್ಟು, ನಾಲ್ಕು ಕಾಲಿನ ಮೇಲೆ ನಿಂತ ಒಂದು ಪುಟ್ಟ ಅಟ್ಟವನ್ನೇ ಕಟ್ಟಿದೆ. ತಲೆಯ ಮೇಲೆ ಮುಚ್ಚಳವಿಲ್ಲ. ಪರಮೇಶಿಯಿಂದ, ಬಿಸಿ ಎಳೆದುಕೊಳ್ಳುವ ತಗಡಿನ ರೆಕ್ಕೆಗಳನ್ನು ಒತ್ತಾಗಿ ಜೋಡಿಸಿದ ಒಂದು ದಿಮ್ಮಿ ತರಿಸಿ ಪ್ರೊಸೆಸರಿನ ಮೇಲೆ ಕೂರಿಸಿ, ಉಳಿದಿದ್ದ ಒಂದು ಫ್ಯಾನನ್ನೂ ಕಿತ್ತು ಹಾಕಿದೆ. ಮೂರು ತಾಸು ಓಡಿಸಿದರೂ ದಿಮ್ಮಿ ಕಾಫಿ ಲೋಟದಷ್ಟೇ ಬೆಚ್ಚಗಿತ್ತು. ಈಗ ಅದರಲ್ಲಿ ತಿರುಗುವ ವಸ್ತು ಎಂಬುದೇ ಇರಲಿಲ್ಲ. ಗೆದ್ದೆ ಎಂದುಕೊಂಡೆ.

“ಇನ್ನೂ ಐತೆ” ಎಂದಿತು ಅಟ್ಟ.

“ಸಾಧ್ಯವೇ ಇಲ್ಲ ಅತ್ತೆ!”

“ನೀನು ಸಾಧ್ಯ ಇಲ್ಲ ಅಂದ್ರೆ ನನ್ ಕಿವಿ ಕೇಳ್ತದಾ? ಗುಂಯ್ ಅಂತೈತೆ ಕಣೇ, ಸಣ್ಣುಕೆ.”

ನಾಳಿದ್ದು ಕಾಯಿ ಕೀಳುವವರು ಬರುವವರಿದ್ದರು. ನಾನು ಕಂಪ್ಯೂಟರಿನ ವೈರನ್ನೇ ಕಿತ್ತೆ. ಗುಂಯ್ ಹಾಗೆಯೇ ಇತ್ತು! ಈಗ ನನಗೂ ಕೇಳಿಸುತ್ತಿತ್ತು. ಫ್ರಿಜ್ಜು ಆರಿಸಿದೆ. ಯುಪಿಎಸ್‌ ಡಬ್ಬಕ್ಕೆ ಕಿವಿ ಒತ್ತಿ ಕೂತೆ. ಯಜಮಾನರಿಗೆ ಉಸಿರು ಹಿಡಿದುಕೊಳ್ಳಿ ಎಂದೆ. “ಇನ್ನೆಷ್ಟೊತ್ತು ಹಿಡ್ಕೊಳ್ಳೇ?” ಎಂದು ಅವರು ಕೇಳುವ ಹೊತ್ತಿಗೆ ಅತ್ತೆ ತಾವೇ ಇಳಿದು ಬಂದರು. ಕಣ್ಣು ಮುಚ್ಚಿಕೊಂಡು ಕೋಣೆಯ ನಡುವೆ ನಿಂತು, ತಲೆಯನ್ನು ಅತ್ತ ಇತ್ತ ತಿರುಗಿಸಿ, ನೇರವಾಗಿ ಹೋಗಿ ಒಂದರ ಮೇಲೆ ಕೈ ಇಟ್ಟರು. “ಇದು.”

ಪ್ರೊಜೆಕ್ಟರ್! ಅದರೊಳಗೂ ಒಂದು ಫ್ಯಾನು. ಎರಡು ತಿಂಗಳಿಂದ ನನ್ನ ತಲೆಯ ಮೇಲೆಯೇ ಕೂತು ಗುಂಯ್ ಎನ್ನುತ್ತಿತ್ತು. ಅದು ಚೆಲ್ಲುವ ಬೆಳಕನ್ನಷ್ಟೇ ನಾನು ನೋಡುತ್ತಿದ್ದೆ. ಅದಕ್ಕೂ ಬಾಯಿದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅದರ ಫ್ಯಾನು ಕೀಳುವಂತಿಲ್ಲ, ಅದಕ್ಕೆ ಅಟ್ಟ ಕಟ್ಟುವಂತಿಲ್ಲ. ಇರುವುದು ಒಂದು ದಿನ.

ಅಡುಗೆಮನೆಗೂ ಕಾಯಿಕೋಣೆಗೂ ನಡುವಿನ ಗೋಡೆಯಲ್ಲಿ, ಹಿಂದೆ ಸೌದೆ ಒಲೆಯ ಹೊಗೆ ಕಾಯಿಗೆ ತಾಗಲೆಂದು ಬಿಟ್ಟಿದ್ದ ಕಿಂಡಿಯೊಂದಿತ್ತು. ಗ್ಯಾಸು ಬಂದ ಮೇಲೆ ಇಟ್ಟಿಗೆ ಇಟ್ಟು ಮುಚ್ಚಿದ್ದರು. ಮರುದಿನ ಶಾಲೆಗೆ ರಜೆ ಹಾಕಿದೆ. ಉಳಿ ಸುತ್ತಿಗೆ ತೆಗೆದುಕೊಂಡು ಆ ಇಟ್ಟಿಗೆಗಳನ್ನು ನಾನೇ ಬಿಚ್ಚಿದೆ. ಕಿಂಡಿಗೆ ಗಾಜು ಕೂರಿಸಿ, ಸುತ್ತ ಮೇಣ ಮೆತ್ತಿ, ಪ್ರೊಜೆಕ್ಟರನ್ನು ಅಡುಗೆಮನೆಯಲ್ಲಿ ಮಿಕ್ಸಿಯ ಮೇಲಿನ ಹಲಗೆಗೆ ಸಾಗಿಸಿದೆ. ಬೆಳಕು ಮಾತ್ರ ಗಾಜಿನ ಮೂಲಕ ಈಚೆ ಬಂತು. ಗುಂಯ್ ಆಚೆಯೇ ಉಳಿಯಿತು. ಒಂದು ಸಣ್ಣ ಕೊರತೆಯೇನೆಂದರೆ, ಇಡ್ಲಿ ಬೇಯುವ ಹೊತ್ತಿನಲ್ಲಿ ನೋಡಿದರೆ ಯಾವ ಸಿನಿಮಾವಾದರೂ ಊಟಿಯಲ್ಲಿ ನಡೆಯುತ್ತದೆ. ಅಷ್ಟು ಮಂಜು.

ಕಾಯಿ ಕೀಳುವವರು ತೋಟಕ್ಕೆ ಬಂದ ದಿನ ಅತ್ತೆ ಅಟ್ಟ ಹತ್ತಿ ಕೂತರು. ನಾನು ಕೆಳಗೆ ಗೋಡೆಗೆ ಒರಗಿ, ಎಲ್ಲ ಗುಂಡಿಗಳನ್ನೂ ಒತ್ತಿ, ಕೈ ಕಟ್ಟಿ ನಿಂತೆ. ಮೇಲೆ ಕಾಯಿ ಅಲ್ಲಾಡುವುದು ಕೇಳಿಸುತ್ತಿತ್ತು. ಒಂದು, ಎರಡು, ಹತ್ತು.

“ಹಾಕ್ದಾಗ ಕರಿಯೇ” ಎಂದರು.

“ಹಾಕಿ ಕಾಲು ಗಂಟೆ ಆಯ್ತು ಅತ್ತೆ.”

ಮೇಲೆ ಇನ್ನೂ ಎರಡು ಕಾಯಿ ಅಲ್ಲಾಡಿದವು. ಆಮೇಲೆ ಹೊರಗಿದ್ದ ಮಗನಿಗೆ ಕೂಗಿ ಹೇಳಿದ್ದು ಕೇಳಿಸಿತು: “ಚಪ್ಪರುಕ್ಕೆ ಗಳ ನೆಡ್ಸಪ್ಪ.” ನನ್ನನ್ನು ಹೊಗಳಲಿಲ್ಲ, ಆದರೆ ಕೋಣೆ ನನ್ನದಾಯಿತು. ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಅಡುಗೆಮನೆಯಲ್ಲಿ ಈರುಳ್ಳಿ ಇತ್ತೆಂದು ಯಜಮಾನರಿಗೆ ಹೇಳಿದೆ.

ಕೋಣೆ ನನ್ನದಾಗಿದ್ದು ಸರಿಯಾಗಿ ಒಂದು ವಾರ. ಮುಂದಿನ ಭಾನುವಾರ ಮಧ್ಯಾಹ್ನ ಅತ್ತೆ ಒಂದು ಕೈಯಲ್ಲಿ ಮಣೆ, ಇನ್ನೊಂದರಲ್ಲಿ ಮಚ್ಚು ಹಿಡಿದು ಒಳಗೆ ಬಂದರು. ಹಿಂದೆಯೇ ಅವರ ಮಗ ಕುಕ್ಕೆ ತುಂಬ ಕಾಯಿ ಹೊತ್ತು ಬಂದರು, ನನ್ನ ಮುಖ ನೋಡದೆ. “ಅಟ್ಟುದ್ ಮ್ಯಾಲೆ ಅಳಿಲು ಕಾಟ. ಬಿಸಿಲಿಗೆ ಹೆಂಚು ಟಪ್ ಅಂತವೆ. ರೋಡಲ್ಲಿ ಬಸ್ಸು. ನಿನ್ ಕೋಣೇಲಿ ಕೂತ್ರೆ ಕಾಯಿ ಮಾತಾಡಿದಂಗೆ ಕೇಳ್ತದೆ ಕಣೇ. ಇಂಥ ಜಾಗ ನನ್ ಜಲ್ಮದಲ್ಲೇ ನೋಡಿರ್ಲಿಲ್ಲ” ಎಂದು ಮಣೆ ಹಾಕಿಕೊಂಡು ಕೂತರು. ಅಂಥ ಹೊಗಳಿಕೆಗೆ ಕಾದಿದ್ದವಳು ನಾನು. ಬಂದಾಗ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ.

“ಮತ್ತೆ ನನ್ನ ಸಿನಿಮಾ?”

“ಹಾಕ್ಕೋ, ಯಾರು ಬ್ಯಾಡ ಅಂದೋರು? ಅವರ ಬಾಯಿ ಮಾತ್ರ ಮುಚ್ಚುಸು.”

ಈಗ ಭಾನುವಾರಗಳು ಹೀಗೆ ಸಾಗುತ್ತವೆ. ಅಕ್ಕಪಕ್ಕದ ಮನೆಗಳ ಹೆಂಗಸರೂ ಅನುಮಾನ ಬಂದ ಕಾಯಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾರೆ. ಗೋಡೆಯ ಮೇಲೆ ಮನುಷ್ಯರು ಬಾಯಿ ಆಡಿಸುತ್ತಿರುತ್ತಾರೆ, ಕೆಳಗೆ ಕಾಯಿಗಳು ಮಾತಾಡುತ್ತಿರುತ್ತವೆ. ಮೊನ್ನೆ ಅತ್ತೆ ಒಂದು ಕಾಯಿಯನ್ನು ನನ್ನ ಕೈಗೆ ಕೊಟ್ಟು “ನೀನು ಹೇಳು ನೋಡಾನ” ಎಂದರು. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಕಣ್ಣು ಮುಚ್ಚಿದೆ, ಕಿವಿಗೆ ಹಿಡಿದು ಅಲ್ಲಾಡಿಸಿದೆ. ನಾನೇ ದುಡಿದು ಕಟ್ಟಿದ ನಿಶ್ಶಬ್ದ ಸುತ್ತ ತುಂಬಿತ್ತು. “ಉಂಡೆ ಬಿಟ್ಟಿದೆ” ಎಂದೆ, ತರಗತಿಯಲ್ಲಿ ಹೇಳುವ ದನಿಯಲ್ಲೇ. ಅತ್ತೆ ಮಚ್ಚನ್ನು ನನ್ನ ಕಡೆ ತಳ್ಳಿದರು. ಎರಡು ಏಟು ಹಾಕಿದೆ. ಅರ್ಧ ಲೋಟ ನೀರು ಮಡಿಲಿಗೆ ಸುರಿಯಿತು.

ಯಾರೂ ನಗಲಿಲ್ಲ. ಆ ಕೋಣೆಯಲ್ಲಿ ಯಾರೂ ನಗದಿರುವುದು ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದು ಅದನ್ನು ಕಟ್ಟಿದವಳಿಗೇ ಗೊತ್ತು. ನಾನು ಸೀರೆಯ ನೆರಿಗೆ ಹಿಂಡಿಕೊಂಡು, ಕುಕ್ಕೆಯನ್ನು ಹತ್ತಿರಕ್ಕೆ ಎಳೆದು, “ಇನ್ನೊಂದು ಕೊಡಿ ಅತ್ತೆ” ಎಂದೆ.