ಕವಾಯತೋ ಕುಣಿತವೋ

“ಇದು ಇಲಾಜ ಅಲ್ಲ ಮೇಡಮ್, ಮದಿವಿ ಬರಾತ ಅದ. ಪ್ರಣಾಲಿ ಹೆಸರು ಹೊಡದ್ಬಿಡ್ರಿ. ನಾವು ಹೊಂಟೇವಿ.”

ಕಾಶೀರಾಮ ಮಾಸ್ತರರು ಚೀಲ ಹೆಗಲಿಗೇರಿಸಿ ಎದ್ದರು. ಔರಾದದ ಶಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಮೊಮ್ಮಗಳು ಪ್ರಣಾಲಿಗೆ ಎಂಟು ವರ್ಷ. ಹುಟ್ಟಿನಿಂದಲೇ ಎಡಗಾಲಿನ ಸ್ನಾಯು ಬಿಗಿ, ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಆ ಕಾಲಿಗಾಗಿ ಒಂದು ತಿಂಗಳಿಂದ ಇಬ್ಬರೂ ಬಸ್ಸು ಹತ್ತಿ ಬೀದರಿನ ಚಿದ್ರಿಗೆ, ಹೆಲೆನ ಮೇಡಮ್ಮರ ಫಿಸಿಯೋಥೆರಪಿಗೆ ಬರುತ್ತಿದ್ದರು. ಇಷ್ಟು ದಿನ ಹೊರಗಿನ ಬೆಂಚಿನಲ್ಲಿ ಕೂತವರು ಇವತ್ತು ಒಳಗೆ ಇಣುಕಿದರೆ, ಮೊಬೈಲಿನಲ್ಲಿ ಹಾಡು, ಐದು ಮಕ್ಕಳ ಕುಣಿತ. ಮಾಸ್ತರರ ಪಿತ್ತ ನೆತ್ತಿಗೇರಿತು.

ಹೆಲೆನ: ಕೂಡ್ರಿ ಸರ್. ಮನ್ಯಾಗ ಆಕಿಗಿ ನೀವು ಏನ್ ಮಾಡಸ್ತೀರಿ?

ಕಾಶೀರಾಮ: ಕಸರತ್ತು. ಹಿಮ್ಮಡಿ ಮ್ಯಾಲ, ಹಿಮ್ಮಡಿ ಕೆಳಗ. ಸೀಟಿ ಊದಿ ಮಾಡಸ್ತೇನಿ.

ಹೆಲೆನ: ಎಷ್ಟು ಸಲ ಮಾಡ್ತಾಳ್ರಿ?

ಕಾಶೀರಾಮ: ಐದು. ಆರನೇದಕ್ಕ ಅಳ್ತಾಳ. ಏಳನೇದಕ್ಕ ನಮ್ಮ ಮನಿಯಾಕಿ ನನ್ನ ಮ್ಯಾಲ ಬರ್ತಾಳ. ಎಂಟನೇದು ನಾ ಇನ್ನಾ ನೋಡಿಲ್ಲ.

ಹೆಲೆನ: ಇವತ್ತ ಒಂದು ಹಾಡಿನಾಗ ನಲವತ್ತು ಸಲ ಮಾಡ್ಯಾಳ.

ಕಾಶೀರಾಮ: ಸುಳ್ಳ ಹೇಳಬ್ಯಾಡ್ರಿ. ಮೂವತ್ತೆಂಟು.

ಹೆಲೆನ: ಎಣಸೀರೇನ್ರಿ?

ಎಣಿಸಿದ್ದರು. ಹುಟ್ಟುಗುಣ ಸುಟ್ಟರೂ ಹೋದೀತೇ? ಮೂವತ್ತೆಂಟರಲ್ಲಿ ಹನ್ನೊಂದು ಸಲ ಹಿಮ್ಮಡಿ ಪೂರಾ ನೆಲಕ್ಕೆ ಊರಿದ್ದನ್ನೂ ಕಂಡಿದ್ದರು. ತಮ್ಮ ಸೀಟಿಗೆ ಎರಡು ವರ್ಷದಲ್ಲಿ ಒಮ್ಮೆಯೂ ಊರದ ಹಿಮ್ಮಡಿ ಅದು. ಸಂತೋಷಪಡುವ ಬದಲು ಸಂಕಟವಾದದ್ದು ಅದಕ್ಕೇ.

ಕಾಶೀರಾಮ: ಆದ್ರೂ ಕುಣಿತ ಕುಣಿತಾನೇ. ಕಸರತ್ತ ಆಗಂಗಿಲ್ಲ.

ಹೆಲೆನ: ಸಾಲ್ಯಾಗ ಲೇಜಿಮ್ ಕಲಿಸಿಲ್ಲೇನ್ರಿ ನೀವು?

ಕಾಶೀರಾಮ: ಅದು ಕವಾಯತು.

ಹೆಲೆನ: ಹುಡುಗ್ರು ಅದರ ಝಣಝಣ ತಾಳಕ್ಕ ಕುಣೀತಿದ್ದಿಲ್ಲೇನು?

ಕಾಶೀರಾಮ: ಕುಣೀತಿದ್ರು. ಲೈನಿನಾಗ ಕುಣೀತಿದ್ರು.

ಹೆಲೆನ: ಹಂಗಾದ್ರ ಇವರಿಗೂ ಲೈನಿನಾಗ ನಿಂದರಸ್ತೇನಿ. ಆಯ್ತಲ್ರಿ?

ಮಾಸ್ತರರ ಹೆಗಲ ಚೀಲ ತಾನಾಗಿ ಬೆಂಚಿಗೆ ಇಳಿಯಿತು.

ಹೆಲೆನ: ಒಂದೇ ಮಾತು ಸರ್. ಮನ್ಯಾಗ ದಿನಾ ಆಕಿ ಎದುರಿಗಿ ಯಾರರೆ ಕುಣೀಬೇಕು. ಅವರಿಗಿ ನೋಡಿ ಆಕಿ ಕಾಲು ಎತ್ತತಾಳ.

ಕಾಶೀರಾಮ: ನಾ ಜೀವಮಾನಾ ಸೀಟಿ ಊದೀನ್ರಿ. ಒಂದಿನಾನೂ ಕುಣಿದಿಲ್ಲ.

ಪ್ರಣಾಲಿ: ನೀ ಕುಣಿಲಿಲ್ಲಂದ್ರ ನಾನೂ ಒಲ್ಲೆ, ಮುತ್ಯಾ.

ಮಾಸ್ತರರು ಮೊಮ್ಮಗಳ ಹಿಮ್ಮಡಿ ನೋಡಿದರು, ಬಾಗಿಲು ನೋಡಿದರು. ಕೊನೆಗೆ ಚಪ್ಪಲಿ ಬಿಟ್ಟು ಮಕ್ಕಳ ನಡುವೆ ಹೋಗಿ ಕವಾಯತಿನ ‘ಸಾವಧಾನ್’ ಭಂಗಿಯಲ್ಲಿ ಸೆಟೆದು ನಿಂತರು.

ಹಾಡು ಶುರುವಾಯಿತು. ಬಲಗಾಲು ಎತ್ತಬೇಕಾದಲ್ಲಿ ಎಡಗಾಲು ಎದ್ದಿತು, ಎಡಗಾಲು ಎತ್ತಬೇಕಾದಲ್ಲಿ ಯಾವುದೂ ಏಳಲಿಲ್ಲ. ಮಕ್ಕಳೆಲ್ಲ ಕುಣಿಯುವುದನ್ನು ಬಿಟ್ಟು ಅವರನ್ನೇ ನೋಡತೊಡಗಿದರು. ಮಾಸ್ತರರ ಹಣೆಯಲ್ಲಿ ಬೆವರೊಡೆಯಿತು. ಗೋಡೆ ಹಿಡಿದು ನಿಂತಿದ್ದ ಪ್ರಣಾಲಿ ಆಸರೆ ಬಿಟ್ಟು, ಒಂದೊಂದೇ ಹೆಜ್ಜೆ ಊರುತ್ತ ಬಂದು ಅವರ ಕೈ ಹಿಡಿದಳು.

ಪ್ರಣಾಲಿ: ನಾಚಬ್ಯಾಡ ಮುತ್ಯಾ. ಹೊಸದಾಗಿ ಬಂದೋರ ಕಾಲೆಲ್ಲ ಹಿಂಗೇ ಮಾಡ್ತಾವ.