ಕಾಯಿ ಬಿಡದ ಹಲಸಿಗೆ ಜಾಮೀನು

ನಮ್ಮ ಭಾವನೊಳಗೆ ಒಂದು ಮರ ಇದೆ! ಇದು ನಾನು ಹೊರಿಸುತ್ತಿರುವ ಆರೋಪವಲ್ಲ, ಅವರೇ ಸಾಗರ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಮಾತು. ಅಕ್ಕನನ್ನು ಕೊಟ್ಟ ಮನೆ; ತೀರ್ಥಹಳ್ಳಿಯಲ್ಲಿ ಕೂತು ನಾನು ಚಿಂತೆ ಮಾಡದೆ ಇನ್ಯಾರು ಮಾಡಬೇಕು? ಚಿಂತೆಯಲ್ಲಿ ನನಗೆ ಹಗಲು ಪಾಳಿ, ರಾತ್ರಿ ಪಾಳಿ ಎರಡೂ ಉಂಟು.

ಭಾವನಿಗೆ ಸಾಮಿಲ್ಲಿನಲ್ಲಿ ದಿಮ್ಮಿ ಅಳೆಯುವ ಕೆಲಸ. ಲಿಂಗನಮಕ್ಕಿಯಲ್ಲಿ ನೀರು ನಿಲ್ಲುವ ಮುಂಚೆ ಕಡಿದ ಕಾಡೆಲ್ಲ ಲಾರಿ ಹತ್ತಿ ಬಂದು ಅವರ ಮುಂದೆ ಮಲಗುತ್ತಿದ್ದ ಕಾಲ ಅದು. ಅಣೆಕಟ್ಟಿನ ಕೆಲಸ ಮುಗಿಸಿ ಊರಿಗೆ ಹೊರಟ ಬಡಗಿಯೊಬ್ಬರು, ನೆನಪಿಗಿರಲಿ ಎಂದು ತಮ್ಮ ಕನ್ನಡ ಬೈಬಲ್ ಕೊಟ್ಟುಹೋದರು. ಭಾವ ಅದರಲ್ಲಿ ದೇವರನ್ನು ಬಿಟ್ಟು ಮರಗಳನ್ನಷ್ಟೇ ಓದಿದರು!

"ದೇವರು ಮೊದಲ ಗಂಡುಹೆಣ್ಣನ್ನ ಇಟ್ಟ ಏದೆನ್ ತೋಟದ ಎರಡು ಮರ ಹೊರಗಿಲ್ಲ ಮಾರಾಯ, ಇಲ್ಲಿವೆ," ಎಂದು ಎದೆ ಮುಟ್ಟಿಕೊಳ್ಳುವರು. "ಒಂದು, ಇದು ಒಳ್ಳೇದು ಅದು ಕೆಟ್ಟದ್ದು ಅಂತ ವಿಂಗಡಿಸೋ ಬುದ್ಧಿ. ಇನ್ನೊಂದು, ಸುಮ್ನೆ ನೋಡ್ತಾ ನಿಂತಿರೋ ಅರಿವು. ಅದೇ ಜೀವದ ಮರ."

"ಅವರಿಗೆ ಹಣ್ಣು ತಿನ್ನಿಸಿದ ಹಾವು?"

"ಊಟದ ಹೊತ್ತಲ್ಲಿ ಪ್ರಶ್ನೆ ಕೇಳ್ತದಲ್ಲ, ಅದು."

ನಾನು ಅನ್ನಕ್ಕೆ ಸಾರು ಕಲೆಸಿಕೊಂಡೆ.

ಒಂದು ದಿನ ಮಿಲ್ಲಿನಲ್ಲಿ ದಿಮ್ಮಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರಂತೆ. ಧಣಿಗೆ ಗಾಬರಿ. "ಎಂತ ಆಯ್ತ್ರೀ?"

"ಒಳಗಿನ ಮರ ನೋಡ್ತಿದೀನಿ."

"ಅದು ಎಲ್ಲೂ ಹೋಗಲ್ಲ. ನೀವು ಕೂತಿರೋ ಮರ ಲಾರಿ ಹತ್ಬೇಕು, ಏಳಿ!"

ಅವರ ಹಿತ್ತಿಲಲ್ಲೊಂದು ಬಂಜೆ ಹಲಸು. ಅಂಥ ಮರವನ್ನು ಹೆದರಿಸುವ ಪದ್ಧತಿ ನಮ್ಮಲ್ಲುಂಟು. ಒಬ್ಬರು ಕೊಡಲಿಯ ಹಿಂಬದಿಯಿಂದ ಬುಡಕ್ಕೆ ಬಡಿದು, ಕಡೀತೀನಿ ಎಂದು ಗದರಬೇಕು. ಇನ್ನೊಬ್ಬರು ಅಡ್ಡ ಬಂದು, ಇದೊಂದು ವರ್ಷ ಬಿಡಿ, ನಾನು ಜಾಮೀನು ಎನ್ನಬೇಕು. ಬೈಬಲಿನ ಅಂಜೂರದ ಮರಕ್ಕೂ ತೋಟದಾಳು ಹೀಗೇ ಒಂದು ವರ್ಷದ ವಾಯಿದೆ ಕೇಳುತ್ತಾನೆಂದು ಗೊತ್ತಾದಾಗ ಭಾವ ಕುಣಿದಾಡಿಬಿಟ್ಟಿದ್ದರು. ಪ್ರತಿವರ್ಷ ಗದರುವುದು ಭಾವ, ಜಾಮೀನು ನಿಲ್ಲುವುದು ಅಕ್ಕ.

ಒಂದು ವರ್ಷ ಸರಿಯಾಗಿ ಮರ ಹೆದರಿಸುವ ದಿನವೇ ಹೊಸನಗರದಿಂದ ಭಾವನ ಚಿಕ್ಕಪ್ಪ ಬಂದರು. ನಾನೂ ಅಲ್ಲೇ ಇದ್ದೆ.

"ಮದುವೆಯಾಗಿ ಹತ್ತು ವರ್ಷ ಆಯ್ತು, ತೊಟ್ಟಿಲು ಕಟ್ಟಲಿಲ್ಲ. ಇವಳು ತಮ್ಮನ ಜೊತೆ ತವರಿಗೆ ಹೋಗ್ಲಿ. ನಿಂಗೆ ಬೇರೆ ಹೆಣ್ಣು ನೋಡಿದೀನಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನನ್ನ ಚಿಂತೆಯೋ, ಬಸ್ಸಿನಲ್ಲಿ ಅಕ್ಕನ ಟ್ರಂಕು ಎಲ್ಲಿಡುವುದು ಎಂಬಲ್ಲಿಗೆ ಆಗಲೇ ಮುಟ್ಟಿತ್ತು!

ಭಾವ ಕೊಡಲಿ ತಂದು ಚಿಕ್ಕಪ್ಪನ ಕೈಗಿತ್ತರು. "ಈ ಸಲ ಮರ ನೀವು ಹೆದರಿಸಿ."

ಚಿಕ್ಕಪ್ಪ ಹುರುಪಿನಿಂದ ಬಡಿದರು. "ಕಾಯಿ ಬಿಡದ್ದು ಮನೆಗ್ಯಾಕೆ? ಕಡಿದು ಹಾಕ್ತೀನಿ!"

ಅಕ್ಕ ಹಿತ್ತಿಲ ಬಾಗಿಲು ದಾಟಲಿಲ್ಲ. ಭಾವನೇ ಕೊಡಲಿಗೆ ಅಡ್ಡ ನಿಂತರು.

"ಕಡೀಬೇಡಿ. ಜಾಮೀನು ನಾನು."

"ಒಂದು ವರ್ಷ ಅನ್ನೋ! ವಾಯಿದೆ ಹೇಳ್ದಿದ್ರೆ ಹೆಂಗೆ?"

"ವಾಯಿದೆ ಇಲ್ಲ ಚಿಕ್ಕಪ್ಪ. ಕಾಯಿ ಬಿಟ್ರೂ ಇಲ್ಲೇ, ಬಿಡದಿದ್ರೂ ಇಲ್ಲೇ."

"ನಿನ್ನ ಪುಸ್ತಕದಲ್ಲೂ ಒಂದೇ ವರ್ಷ ಅಂತಿದ್ಯಲ್ಲೋ!"

"ಆ ಮರ ಪುಸ್ತಕದ್ದು. ಇದು ನನ್ನೊಳಗಿಂದು."

ಒಳಗಿಂದ ಅಕ್ಕನ ದನಿ: "ಕಾಫಿ ಆರ್ತದೆ, ಬನ್ನಿ. ಮಾವಯ್ಯಂಗೂ ಇಟ್ಟಿದೀನಿ."

ಆ ಸಂಜೆ ತೀರ್ಥಹಳ್ಳಿಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ದಾರಿಯುದ್ದಕ್ಕೂ ಅದನ್ನೇ ನೋಡುತ್ತ, ನೋಡುತ್ತ, ಏನೂ ಚಿಂತೆ ಮಾಡದೆ ಮನೆ ಮುಟ್ಟಿದೆ.