ಸೊಣ್ಣಮ್ಮನ ಕಡೆಯ ಮುಳ್ಳುಬೇಲಿ

ಬೇಲಿ ಬೇಕೆಂದು ಹಟ ಹಿಡಿದವಳು ನಾನೇ. ಇದನ್ನು ನಮ್ಮ ಯಜಮಾನರು ಮರೆಯುವುದಿಲ್ಲ. ಪೀಣ್ಯದಿಂದ ಶಿಫ್ಟ್ ಮುಗಿಸಿ ಬಂದವರು ಮೊದಲು ಬೇಲಿಯನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ಕಾಫಿ ಕೇಳುತ್ತಾರೆ. ಬಾಯಿಬಿಟ್ಟು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಲಗ್ಗೆರೆಯಲ್ಲಿ ನಾವು ಸೈಟು ಕೊಂಡಿದ್ದು ಸೊಣ್ಣಮ್ಮನ ರಾಗಿ ಹೊಲದ ಅಂಚಿನಲ್ಲಿ, ಅವರಿಂದಲೇ. ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮೇಲೂ ಆ ನೆಲ ಪರರದಾಯಿತೆಂಬುದು ಅವರ ಕಾಲುಗಳಿಗೆ ತಿಳಿದಿರಲಿಲ್ಲ. ದಿನಾ ಹೊಲ ದಾಟಿ ನೇರ ನಮ್ಮ ಹಿತ್ತಲಿಗೆ ಬರುತ್ತಿದ್ದರು. ಹಿಂದೆಯೇ ಹಸು. ಅದು ಒಂದು ದಿನ ನನ್ನ ಡೇಲಿಯಾವನ್ನು ಬುಡಸಮೇತ ಸೇವಿಸಿತು. ನಾನು ಎಲ್ಲರಿಗೂ ಹೇಳಿದ ಕಾರಣ ಇದು. (ನಿಜವಾದ ಕಾರಣ ಬೇರೆ. ಇನ್ನೂ ಮಾತು ಕಲಿಯುತ್ತಿದ್ದ ನಮ್ಮ ಪುಟ್ಟಿ ಸೊಣ್ಣಮ್ಮನನ್ನು "ಅವ್ವ" ಎನ್ನುತ್ತಿದ್ದಳು, ಹೆತ್ತ ನನ್ನನ್ನು ಬರೀ "ಏ" ಎನ್ನುತ್ತಿದ್ದಳು. ನಾನು ತುಪ್ಪ ಹಾಕಿ ಕಲಸಿದ ಅನ್ನವನ್ನು ಉಗಿದು, ಅವರ ಕೈಯಿಂದ ಮುದ್ದೆ ನುಂಗುತ್ತಿದ್ದಳು.)

"ರೀ, ಬೇಲಿ ಹಾಕಿಸಿ."

"ಡೇಲಿಯಾಗಾ?"

"ಆಸ್ತಿ ಅಂದ್ಮೇಲೆ ಒಂದು ಗಡಿ ಬೇಡ್ವಾ?"

"ಇಷ್ಟಗಲ ಸೈಟಿಗೆ ಗಡಿ ಕಾಯೋಕೆ ನಾವೇನು ಪಾಳೇಗಾರರಾ?"

ಆದರೂ ಪಂಚಾಯ್ತಿ ಮೆಂಬರು ವೆಂಕಟರಮಣಪ್ಪನವರನ್ನು ಕರೆತಂದರು. ಹೊಲದ ಪಕ್ಕ ಬೇಲಿ ಹಾಕುವುದಕ್ಕೆ ಊರಿನಲ್ಲಿ ಕಟ್ಟಳೆಗಳಿದ್ದವು. ಮೆಂಬರು ಎಲೆಯಡಿಕೆ ಜಗಿಯುತ್ತಾ ಅವನ್ನು ಅಪ್ಪಣೆ ಕೊಡಿಸಿದರು.

"ವಲದ ಕಡೀಕೆ ತಂತಿ ಎಳಿಯಂಗಿಲ್ಲ. ತಂತಿ ದನಕ್ಕೆ ಕಾಣಾಕಿಲ್ಲ, ಮೈ ಕುಯ್ಕತದೆ. ಜಾಲಿಮುಳ್ಳು ಒಟ್ಟಿ. ನಿಮ್ಮ ಗೆರೆಯಿಂದ ಒಂದು ಮೊಳ ಒಳಕ್ಕೇ ಒಟ್ಟಿ, ನೇಗಿಲು ತಿರುಗಬೇಕು."

"ಆ ಮೊಳ ಯಾರ್ದು?" ಎಂದರು ಇವರು.

"ನಿಮ್ದೇಯ ಸಾರ್. ಉಳೋದು ಅವ್ರು."

ಇವರು ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ.

"ಇನ್ನೊಂದು ಮಾತು. ಓಡಾಡಕ್ಕೆ ಗಂಡಿ ಬುಡಾದಾದ್ರೆ ಈಗ್ಲೇ ಬುಡ್ಬೇಕು. ಒಂದು ಕಿತ ಮುಚ್ಚಿದ್ರೆ ಮತ್ತೆ ತೆಗೆಯಂಗಿಲ್ಲ. ನಿಮಗೆ ತೆಗೆದ್ರೆ ನಾಳೀಕೆ ಎಲ್ಲಾ ಸೈಟಿನೋರೂ ವಲದ ಮ್ಯಾಲೆ ದಾರಿ ಮಾಡ್ತಾರೆ. ಏನಂತೀರಾ ಅಮ್ಮಾರೆ?"

ಸೊಣ್ಣಮ್ಮ ಪುಟ್ಟಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಲ್ಲೇ ನಿಂತಿದ್ದರು. ಪುಟ್ಟಿ ಅವರ ಮೂಗುಬೊಟ್ಟು ಹಿಡಿದು ಆಡುತ್ತಿದ್ದಳು. ನನ್ನ ಕಣ್ಣು ಆ ಬೆರಳಿನ ಮೇಲೇ ಇತ್ತು.

"ಗಂಡಿ ಬೇಡ," ಎಂದೆ.

"ಆಗ್ಲಿ ಬುಡವ್ವ, ನಿನ್ನ ನೆಲ," ಎಂದು ಸೊಣ್ಣಮ್ಮ ಮಗುವನ್ನು ನನ್ನ ಕೈಗೆ ಕೊಟ್ಟು, ಹಸು ಹೊಡೆದುಕೊಂಡು ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಬೇಲಿ ಎದ್ದಿತು. ಆಳೆತ್ತರ, ಎಮ್ಮೆಯ ಹೊಟ್ಟೆಯಷ್ಟು ದಪ್ಪ. ಕೈಯಿರಲಿ, ಗುಬ್ಬಿ ಕೂಡ ಯೋಚಿಸಿ ನುಗ್ಗಬೇಕು. ಪುಟ್ಟಿ ಅದರ ಮುಂದೆ ಕೂತು "ಅವ್ವ" ಎಂದು ಅತ್ತಳು. ಅನ್ನ ಉಗಿದಳು, ದೋಸೆ ಉಗಿದಳು. ನಾನು ಸ್ವಹಸ್ತದಿಂದ ಮುದ್ದೆ ತಿರುವಿದೆ. ಅದರಲ್ಲಿ ಗಂಟುಗಳ ಮಧ್ಯೆ ಅಲ್ಲಲ್ಲಿ ಮುದ್ದೆಯೂ ಇತ್ತು. ಅದನ್ನೂ ಉಗಿದಳು. ಮಗುವಿನ ಕೈಬಳೆ ಮೊಣಕೈವರೆಗೆ ಜಾರತೊಡಗಿದಾಗ ನನ್ನ ಜಂಬವೂ ಜಾರಿತು. ಮೆಂಬರ ಮನೆಗೆ ಹೋಗಿ, ಸಣ್ಣದೊಂದು ಗಂಡಿ ಎಂದೆ.

"ಬ್ಯಾಡ ಅಂದೋರು ನೀವೇ ಅಲ್ವಾ ಅಮ್ಮಾರೆ," ಎಂದರು. ಪಕ್ಕದ ಸೈಟಿನವರು ಆಗಲೇ ಕೇಳಿ ಬೈಸಿಕೊಂಡು ಹೋಗಿದ್ದರಂತೆ.

ಈಗ ಮಧ್ಯಾಹ್ನ ಮಧ್ಯಾಹ್ನ ಪುಟ್ಟಿಯನ್ನು ಎತ್ತಿಕೊಂಡು ರಸ್ತೆಗುಂಟ ಸುತ್ತಿ ಸೊಣ್ಣಮ್ಮನ ಮನೆಗೆ ಹೋಗುತ್ತೇನೆ. ಲಾರಿಗಳ ಧೂಳು ಕುಡಿದು, ರಾಗಿಮಿಲ್ಲು ದಾಟಿ, ಕೆರೆ ಕೋಡಿ ಬಳಸಿ. ಹಿತ್ತಲಿನಿಂದ ಕೂಗಿದರೆ ಕೇಳಿಸುವ ಮನೆ ಅದು. ಮೊದಲ ದಿನ ಬಾಗಿಲಲ್ಲೇ ನಿಂತೆ.

"ಬಾರವ್ವ, ಕುಂತ್ಕ. ನಾನೇ ಬತ್ತಿದ್ದೆ, ಅಷ್ಟು ದೂರ ಸುತ್ತಾಕೆ ಮಂಡಿ ಕೇಳಾಕಿಲ್ಲ," ಎಂದು ಸೊಣ್ಣಮ್ಮ ಕೈ ತೊಳೆದರು. ಪುಟ್ಟಿ ತುತ್ತಿನ ಮೇಲೆ ತುತ್ತು ನುಂಗಿದಳು. ನನಗೂ ಒಂದು ತಟ್ಟೆ ಬಂತು. ನಾನೂ ಉಂಡೆ, ತಲೆ ಎತ್ತದೆ.

ಉಂಡಾದ ಮೇಲೆ ಎದ್ದು, "ಬಾ ಪುಟ್ಟಿ, ಹೋಗೋಣ," ಎಂದು ಕೈ ಚಾಚಿದೆ. ಅವಳು ಸೊಣ್ಣಮ್ಮನ ಮಡಿಲಿನಿಂದ ಏಳಲಿಲ್ಲ. ಬಂದ ನೆಂಟರನ್ನು ಬೀಳ್ಕೊಡುವವಳಂತೆ, ಬಲು ಮರ್ಯಾದೆಯಿಂದ, ನನಗೆ ಟಾಟಾ ಮಾಡಿದಳು.